ಕೆಂಪು ಗಾಡಿಯೊಳಗಿನ ಇಂಗಿನ ವಾಸನೆ

ಕಾರು ಇದ್ದವರಿಗೆ ಅಪಘಾತಗಳಾಗುತ್ತವೆ. ನನ್ನ ಕಾರು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು, ಹೀಗಾಗಿ ನನಗೆ ಬರೀ ಪ್ರಸಂಗಗಳಾದವು. ನಿಂತ ಗಾಡಿಯಿಂದ ಏನು ತಾನೇ ಆದೀತು ಎನ್ನಬೇಡಿ. ಸೊಳ್ಳೆ ಹುಟ್ಟುವುದು ನಿಂತ ನೀರಿನಲ್ಲೇ.

ಮೊದಲು ನನ್ನ ಸ್ವಭಾವ ಹೇಳಿಬಿಡುತ್ತೇನೆ. ನಾನು ಪುಣೆಯ ಚಿಂಚವಾಡ ಕಡೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದವನು. ನಟ್ಟು, ಬೋಲ್ಟು, ಬೇರಿಂಗು, ವಾಶರು ಕಾಯುವ ಕೆಲಸ. ಈ ಕೆಲಸಕ್ಕೆ ವಿದ್ಯೆಗಿಂತ ಸಂಶಯ ಮುಖ್ಯ. ನಗುತ್ತ ಬಂದವನ ಕಿಸೆ ನೋಡಬೇಕು, ನಗದೆ ಬಂದವನ ಎರಡೂ ಕಿಸೆ ನೋಡಬೇಕು. ಮನೆಯಲ್ಲೂ ಬಿಸ್ಕೀಟಿನ ಡಬ್ಬಿಯನ್ನು ತೆರೆಯುವ ಮೊದಲು ಕೈಯಲ್ಲಿ ಹಿಡಿದು ತೂಕ ನೋಡುತ್ತೇನೆಂದು ಹೆಂಡತಿಯ ದೂರು. ಇಂಥವನಿಗೆ ದೇವರು ಒಂದು ಸ್ಪೋರ್ಟ್ಸ್ ಕಾರು ಕೊಟ್ಟ. ಕೊಟ್ಟವನ ಮೇಲೂ ನನಗೆ ಸ್ವಲ್ಪ ಸಂಶಯ ಇದ್ದೇ ಇದೆ.

೧. ಎರಡು ಏಟು

ನಾನು ಹುಟ್ಟಿ ಬೆಳೆದದ್ದು ವಿಜಾಪುರದಲ್ಲಿ. ಎಂಟು ವರ್ಷದವನಿದ್ದಾಗ ಗೋಲಗುಮ್ಮಟ ನೋಡಲು ಬಿಳಿಯರ ಜೋಡಿಯೊಂದು ಬಂತು. ಬಂದದ್ದು ಕೆಂಪು ಬಣ್ಣದ ಪುಟ್ಟ ಕಾರಿನಲ್ಲಿ. ಎರಡೇ ಸೀಟು, ಉದ್ದ ಮೂತಿ, ತಲೆಯ ಮೇಲಿನ ಬಟ್ಟೆಯ ಟಪ್ಪು ಹಿಂದಕ್ಕೆ ಮಡಚಿತ್ತು. ಟಾಂಗಾ ಮತ್ತು ಎಮ್ಮೆ ಬಿಟ್ಟರೆ ಬೇರೆ ಏನೂ ನಿಲ್ಲದ ಜಾಗದಲ್ಲಿ ಅದು ಬಂದು ನಿಂತಿತು. ಆ ಸಾಹೇಬ ನನ್ನನ್ನು ನೋಡಿ, ಗಾಡಿ ಕಾಯುತ್ತಿರು ಎಂದು ಕೈಸನ್ನೆ ಮಾಡಿ ಗುಮ್ಮಟ ಹತ್ತಲು ಹೋದ.

ಎರಡು ತಾಸು ಬಿಸಿಲಲ್ಲಿ ನಿಂತು ಕಾಯ್ದೆ. ಆಡುಗಳನ್ನು ಓಡಿಸಿದೆ, ಗೆಳೆಯರನ್ನೂ ಓಡಿಸಿದೆ. ಸಾಹೇಬ ಇಳಿದು ಬಂದವನು ನನ್ನನ್ನು ಎತ್ತಿ ಸ್ಟಿಯರಿಂಗ್ ಮುಂದೆ ಕೂಡಿಸಿ ಹಾರ್ನ್ ತೋರಿಸಿದ. ಒತ್ತಿದೆ. ಆ ಸಪ್ಪಳಕ್ಕೆ ಟಾಂಗಾದ ಕುದುರೆ ಬೆದರಿ ಬಜಾರದ ದಾರಿ ಹಿಡಿಯಿತು, ಟಾಂಗಾದವನು ಅದರ ಹಿಂದೆ ಓಡಿದ. ನಾನು ಆ ಸೀಟಿನಿಂದ ಇಳಿದೆ ಎಂಬುದೇ ಸುಳ್ಳು. ಮೈ ಮಾತ್ರ ಇಳಿಯಿತು.

ಮನೆಗೆ ಬಂದರೆ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದ ಅಪ್ಪ ನನ್ನ ಕೈ ಮೂಸಿದರು. ಪೆಟ್ರೋಲ್ ವಾಸನೆ.

"ಯಾರ ಗಾಡ್ಯಾಗಿಂದ ಎಣ್ಣಿ ಕದ್ದಿ?"

"ಕದ್ದಿಲ್ಲಪ್ಪಾ. ದೊಡ್ಡಾವ ಆದ ಮ್ಯಾಲೆ ನಾನೂ ಅಂಥಾ ಗಾಡಿ ತೊಗೋತೀನಿ."

ಎರಡು ಏಟು ಬಿದ್ದವು. ಎರಡು ಯಾಕೆ ಎಂದು ಅವ್ವ ಕೇಳಿದಳು. ಅಪ್ಪ ಅಂದರು: "ಒಂದು ಕಳವಿನ ಸಂಶೇಕ್ಕ. ಇನ್ನೊಂದು, ಅವ ಕದ್ದಿಲ್ಲ ಅಂತ ಖಾತ್ರಿ ಆದದ್ದಕ್ಕ. ಕದ್ದಿದ್ರ ಒಂದ ದಿನಕ್ಕ ಮುಗೀತಿತ್ತು, ಇದು ಜನ್ಮಕ್ಕ ಅಂಟಿಕೊಳ್ಳೋ ರೋಗ."

೨. ಗಾಡಿ ನೋಡುವ ಶಾಸ್ತ್ರ

ಅಪ್ಪ ಹೇಳಿದಂತೆಯೇ ಆಯಿತು. ಮೂವತ್ತು ವರ್ಷ ಆ ರೋಗ ಒಳಗೇ ಇತ್ತು. ತೊಂಬತ್ತರ ದಶಕದ ಶುರುವಿನಲ್ಲಿ ಒಂದು ಮುಂಜಾನೆ ಪೇಪರಿನ ಸಣ್ಣ ಜಾಹೀರಾತು ಕಂಡಿತು: ಹಳೆಯ ವಿಲಾಯತಿ ಗಾಡಿ, ಎರಡು ಸೀಟು, ಕೆಂಪು ಬಣ್ಣ, ಬಹಳ ವರ್ಷದಿಂದ ಓಡಿಲ್ಲ, ಯೋಗ್ಯರಿಗೆ ಮಾತ್ರ.

ಪುಣೆಯ ಕ್ಯಾಂಪ್ ಭಾಗದಲ್ಲಿ ಸೀರೆ ನೋಡೋಣ ಎಂದು ಹೆಂಡತಿಯನ್ನು ಕರೆದುಕೊಂಡು ಹೋದೆ. ಹಳೆಯ ಬಂಗಲೆ. ಮಾಲೀಕರು ನಿವೃತ್ತ ಡಾಕ್ಟರು, ಮದುವೆಯಾಗದ ಮುದುಕರು. ಶೆಡ್ಡಿನ ಬಾಗಿಲು ತೆಗೆದರೆ ಒಳಗೆ ನನ್ನ ಎಂಟನೇ ವಯಸ್ಸು ಧೂಳು ತಿನ್ನುತ್ತ ನಿಂತಿತ್ತು. ನಾನು ಅಂಗಿಯ ತೋಳಿನಿಂದಲೇ ಅದರ ಮೂತಿ ಒರೆಸತೊಡಗಿದೆ. ಹೆಂಡತಿ ಮಾತ್ರ ಆಚೀಚೆ ನೋಡಿ, "ಸೀರಿ ಎಲ್ಲಿ ಅದಾವ್ರಿ?" ಅಂದಳು.

ಡಾಕ್ಟರು ನಮ್ಮನ್ನು ಕೂಡಿಸಿ ಹಿಂದಿಯಲ್ಲಿ ವಿಚಾರಣೆ ಶುರು ಮಾಡಿದರು. ಯಾವ ಊರು? ತಂದೆ ಏನು ಮಾಡುತ್ತಿದ್ದರು? ಕುಡಿಯುತ್ತೀರಾ?

"ಇಲ್ಲ."

"ಇಸ್ಪೀಟು?"

"ಇಲ್ಲ."

"ಸಿಗರೇಟು?"

"ಇಲ್ಲ."

ಮುದುಕರ ಹುಬ್ಬು ಗಂಟಾಯಿತು. "ಒಂದೂ ಚಟ ಇಲ್ಲದವನು ಇಂಥ ಗಾಡಿ ಕೇಳುತ್ತ ಬಂದರೆ ನನಗೆ ಸಂಶಯ ಬರುತ್ತದೆ. ನಿಜ ಹೇಳಿ, ಬಿಚ್ಚಿ ಮಾರುತ್ತೀರಾ?"

ಆಗ ಗುಮ್ಮಟ, ಕುದುರೆ, ಎರಡು ಏಟು ಎಲ್ಲ ಹೇಳಿದೆ. ಅವರು ಎದ್ದು ಒಳಗಿನಿಂದ ಕೀಲಿ ತಂದು ನನ್ನ ಕೈಗಿಟ್ಟರು. ಬೆಲೆ ಎಷ್ಟು ಎಂದು ಹೆಂಡತಿಗೆ ಇವತ್ತಿಗೂ ನಿಜ ಹೇಳಿಲ್ಲ. ಇದನ್ನು ಅವಳೂ ಓದುವುದರಿಂದ ಇಲ್ಲೂ ಹೇಳುವುದಿಲ್ಲ.

ಮುಂದಿನ ವಾರ ಗಾಡಿಯನ್ನು ಟೆಂಪೋಕ್ಕೆ ಕಟ್ಟಿ ಎಳೆಯುವ ಹೊತ್ತಿಗೆ ಹೆಂಡತಿ ಚೀಲದಿಂದ ಕುಂಕುಮದ ಭರಣಿ ತೆಗೆದು ಅದರ ಮೂತಿಗೆ ಹಚ್ಚಿದಳು. ಡಾಕ್ಟರು ಬಂಗಲೆಯ ಗೇಟಿನವರೆಗೆ ಬಂದು, ಕರ್ಚೀಫು ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನೋಡಿದರೆ ನನ್ನ ಹೆಂಡತಿಯೂ ಅಳುತ್ತಿದ್ದಳು.

"ನೀ ಯಾಕ ಅಳತಿ? ಅವರ ಗಾಡಿ ಹೋತು, ಅವರು ಅಳತಾರ."

"ನನ್ನ ಲಗ್ನದಾಗ ನಮ್ಮಪ್ಪ ಇದರ ಅರ್ಧಾ ಸುದ್ದಾ ಅತ್ತಿರಲಿಲ್ರಿ," ಅಂದಳು.

೩. ರೊಟ್ಟಿಯ ತಪಾಸಣೆ

ಗಾಡಿ ನಿಗಡಿಯ ನಮ್ಮ ಹೌಸಿಂಗ್ ಸೊಸೈಟಿಗೆ ಬಂತು. ಕಂಪೌಂಡಿನ ದಕ್ಷಿಣ ಮೂಲೆಯಲ್ಲಿ, ಯಾರಿಗೂ ಬೇಡವಾದ ರಣಬಿಸಿಲಿನ ಜಾಗ ನನ್ನ ಪಾಲಿಗೆ ಸಿಕ್ಕಿತು. ಖಾಕಿ ಹೊದಿಕೆ ಹೊಲಿಸಿ ಅದರ ದಾರಕ್ಕೆ ನನ್ನದೇ ಒಂದು ಗಂಟು ಹಾಕುತ್ತಿದ್ದೆ.

ಸುದ್ದಿ ಕಾರ್ಖಾನೆಗೆ ನನಗಿಂತ ಮೊದಲೇ ಮುಟ್ಟಿತ್ತು. ಮ್ಯಾನೇಜರು ಸ್ಕೂಟರಿನ ಮೇಲೆ ಬರುತ್ತಿದ್ದರು, ಸ್ಟೋರ್ ಕೀಪರನು ಸ್ಪೋರ್ಟ್ಸ್ ಕಾರು ಕೊಂಡಿದ್ದ. ಊರೆಲ್ಲರನ್ನು ಸಂಶಯದಿಂದ ನೋಡಿದವನ ಮೇಲೆ ಊರೆಲ್ಲರ ಸಂಶಯ ತಿರುಗಿತು. ಸಂಜೆ ಗೇಟಿನಲ್ಲಿ ನನ್ನ ಕೈಚೀಲ ದಿನಾ ತೆರೆಸತೊಡಗಿದರು. ಚೀಲ ಆಯಿತು, ಛತ್ರಿ ಆಯಿತು, ಕೊನೆಗೊಂದು ದಿನ ಊಟದ ಡಬ್ಬಿಗೇ ಕೈ ಹಾಕಿದರು. ಅದರಲ್ಲಿ ತಿಂದು ಉಳಿದ ಎರಡು ಕಡಕ್ ಜೋಳದ ರೊಟ್ಟಿ ಇದ್ದವು.

ಸೆಕ್ಯೂರಿಟಿಯವನು ಕೊಲ್ಹಾಪುರ ಕಡೆಯವನು. ಒಂದು ರೊಟ್ಟಿ ಎತ್ತಿದ, ಬೆಳಕಿಗೆ ಹಿಡಿದ, ಟೇಬಲ್ ಮೇಲೆ ಬಡಿದ. ಟಣ್ ಅಂದಿತು. ಮತ್ತೊಮ್ಮೆ ಬಡಿದ.

"ಅದು ರೊಟ್ಟಿ ಮಾರಾಯಾ!" ಎಂದು ಮರಾಠಿಯಲ್ಲಿ ಕೂಗಿದೆ.

"ಇರಬಹುದು ಸಾಹೇಬ್," ಅಂದ ಅವನು ಬಹಳ ವಿನಯದಿಂದ. "ಆದರೆ ನಿಮ್ಮ ಹೆಂಡತಿಯ ರೊಟ್ಟಿಗೂ ಕಂಪನಿಯ ತಗಡಿಗೂ ಫರಕು ಗೊತ್ತಾಗಬೇಕಾದರೆ ಕ್ವಾಲಿಟಿ ಡಿಪಾರ್ಟ್‌ಮೆಂಟಿನವರೇ ಬರಬೇಕು."

೪. ಛತ್ರಿ

ಆ ಗಾಡಿಯ ಮೇಲೆ ನನಗೆ ಎಷ್ಟು ಜೀವ ಇತ್ತೆಂದರೆ, ಮುಂಜಾನೆ ಕೆಲಸಕ್ಕೆ ಹೊರಡುವಾಗ ಹೊದಿಕೆಯ ಮೇಲೆ ಕೈಯಿಟ್ಟು "ಹೋಗಿ ಬರ್ತೀನಿ" ಅನ್ನುತ್ತಿದ್ದೆ. ಹೆಂಡತಿ ಬಾಲ್ಕನಿಯಿಂದ ನೋಡುತ್ತಿದ್ದಳು. ಅವಳಿಗೆ ಹಾಗೆ ಹೇಳಿದ್ದೆನೋ ಇಲ್ಲವೋ ನೆನಪಾಗುತ್ತಿರಲಿಲ್ಲ.

ಒಂದು ಜುಲೈ ತಿಂಗಳು, ರಜೆಯ ದಿನ ಸಂಜೆ ಐದರ ಸುಮಾರಿಗೆ ಜೋರು ಮಳೆ. ಹೆಂಡತಿ ಬಸ್ ಸ್ಟಾಪಿನ ಹತ್ತಿರದ ಅಂಗಡಿಯಿಂದ ಫೋನು ಮಾಡಿ, "ಛತ್ರಿ ತೊಗೊಂಡು ಬರ್ರಿ, ನಾ ಇಲ್ಲೇ ನಿಂತೀನಿ" ಅಂದಳು. ಹೊರಟೆ. ಅಂಗಳದಲ್ಲಿ ಕಾಲಿಡುವಷ್ಟರಲ್ಲಿ ಕಂಡಿತು: ಗಾಳಿಗೆ ಹೊದಿಕೆ ಸರಿದು, ಬಟ್ಟೆಯ ಟಪ್ಪಿನ ಹರಕಿನಿಂದ ನೀರು ನೇರವಾಗಿ ಸೀಟಿನ ಮೇಲೆ ಬೀಳುತ್ತಿತ್ತು. ಒಂದು ನಿಮಿಷ ಹಿಡಿದು ಹೋದರಾಯಿತು ಎಂದು ಆ ಹರಕಿನ ಮೇಲೆ ಛತ್ರಿ ಹಿಡಿದೆ. ಮಳೆ ಈಗ ನಿಂತೀತು, ಆಗ ನಿಂತೀತು ಎಂದು ಮುಕ್ಕಾಲು ತಾಸು ಹಿಡಿದೇ ನಿಂತಿದ್ದೆ.

ಹಿಂದಿನಿಂದ ಚಪ್ಪಲಿ ಪಚ ಪಚ ಅಂದವು. ಹೆಂಡತಿ. ಸೆರಗಿನಿಂದ, ಚೀಲದಿಂದ, ಮೂಗಿನ ತುದಿಯಿಂದ ನೀರು ಇಳಿಯುತ್ತಿತ್ತು. ನನ್ನನ್ನು ನೋಡಿದಳು, ಛತ್ರಿ ನೋಡಿದಳು, ಗಾಡಿ ನೋಡಿದಳು.

"ಹಿಡೀರಿ, ಹಿಡೀರಿ," ಅಂದಳು. "ನನಗೇನ್ರಿ, ನಾ ಒಣಗತೀನಿ. ಸವತಿಗೆ ನೆಗಡಿ ಆದ್ರ ಬಿಡಿಭಾಗ ಸಿಗೂದಿಲ್ಲ."

ಅಂದಿನಿಂದ ಗಾಡಿಗೆ ಸವತಿ ಎಂಬ ಹೆಸರು ಖಾಯಂ ಆಯಿತು. "ನಿಮ್ಮ ಸವತಿನ್ನ ಯಾವಾಗ ಮಾರತೀರಿ?" ಎಂದು ಬಂದ ಬೀಗರ ಮುಂದೆಯೇ ಕೇಳುವಳು. ಸವತಿ ಅವಳಿಗೆ, ನನಗಲ್ಲ ಎಂದು ತಿದ್ದುವ ಧೈರ್ಯ ನನಗಿರಲಿಲ್ಲ.

೫. ನೇಲ್ ಪಾಲಿಶ್

ಚಿಂಚವಾಡದ ಒಬ್ಬ ಮಿಸ್ತ್ರಿ ಗಾಡಿಯ ಇಂಜಿನ್ ಬಿಚ್ಚಲು ಒಪ್ಪಿದ. ಒಳ್ಳೆಯ ಕೆಲಸಗಾರ, ಮಾತು ಕಡಿಮೆ. ಮಾತು ಕಡಿಮೆ ಇದ್ದವರು ಬಿಡಿಭಾಗ ಬದಲಿಸುತ್ತಾರೆ ಎಂಬುದು ನನ್ನ ಅನುಭವ. ಆದ್ದರಿಂದ ಹೆಂಡತಿಯ ಕೆಂಪು ನೇಲ್ ಪಾಲಿಶ್ ಕಿಸೆಯಲ್ಲಿಟ್ಟುಕೊಂಡು ಹೋಗಿ, ಅವನು ಚಹಾಕ್ಕೆ ಹೋದಾಗ ಅಲ್ಲಿ ಬಿಚ್ಚಿಟ್ಟಿದ್ದ ಎಲ್ಲ ಭಾಗಗಳಿಗೂ ಒಂದೊಂದು ಚುಕ್ಕೆ ಇಟ್ಟೆ. ಅವಸರದಲ್ಲಿ ಅವನ ಪಾನಾ, ಪಕ್ಕಡ್, ಸುತ್ತಿಗೆಗಳಿಗೂ ಇಟ್ಟೆ ಎಂದು ಕಾಣುತ್ತದೆ.

ನಾಲ್ಕು ದಿನ ಬಿಟ್ಟು ಮಿಸ್ತ್ರಿ ನಮ್ಮ ಮನೆಗೇ ಬಂದ. ಗಡ್ಡ ಬೆಳೆದಿತ್ತು, ಮುಖ ಬಾಡಿತ್ತು.

"ಸಾಹೇಬ್, ನನ್ನ ಕೈಗೆ, ಅಂಗಿಗೆ ಎಲ್ಲ ನೇಲ್ ಪಾಲಿಶ್ ಹತ್ತಿದೆ. ಮನೆಯಲ್ಲಿ ಮೂರು ದಿನದಿಂದ ಅಡುಗೆ ಇಲ್ಲ. ನೀವೇ ಬಂದು ಹೇಳಬೇಕು."

ತಪ್ಪು ನನ್ನದು, ಹೋದೆ. ಮಿಸ್ತ್ರಿಯ ಹೆಂಡತಿ ಸೊಂಟಕ್ಕೆ ಸೆರಗು ಬಿಗಿದು ಬಾಗಿಲಲ್ಲೇ ನಿಂತಿದ್ದಳು. ನಾನು ಕೈಮುಗಿದು, "ತಾಯಿ, ನಿಮ್ಮ ಗಂಡ ದೇವರಂಥವನು. ಅದು ಬೇರೆ ಯಾರದ್ದೂ ಅಲ್ಲ, ನನ್ನ ಹೆಂಡತಿಯ ನೇಲ್ ಪಾಲಿಶ್" ಎಂದು ಸಮಾಧಾನ ಮಾಡಿದೆ.

ಅವಳು ಗಂಡನ ಕಡೆ ತಿರುಗಿದಳು. "ನೋಡು. ಯಾರದ್ದು ಅಂತ ಒಂದೇ ಗೊತ್ತಿರಲಿಲ್ಲ. ಈಗ ಆಕೆಯ ಗಂಡನೇ ಬಂದು ಹೇಳಿದ."

೬. ಕಸ ಗುಡಿಸುವ ಕಳ್ಳ

ಇಂಜಿನ್ ತಿಂಗಳಿಗೊಮ್ಮೆ ಓಡುವಷ್ಟು ಸುಧಾರಿಸಿತು. ಕಾರ್ಖಾನೆಗೆ ಗುರುವಾರ ರಜೆ. ಪ್ರತಿ ಗುರುವಾರ ಹೊದಿಕೆ ತೆಗೆದು, ಒರೆಸಿ, ಒಂದು ತಾಸು ಒಳಗೆ ಕೂತು ಬರುವುದು ನನ್ನ ಪೂಜೆ.

ಒಂದು ಗುರುವಾರ ಕೂತೆ, ಮೊಣಕಾಲು ಸ್ಟಿಯರಿಂಗಿಗೆ ಬಡಿಯಿತು. ಸೀಟು ನಾಲ್ಕು ಬೆರಳು ಮುಂದಿತ್ತು! ಕನ್ನಡಿ ನೋಡಿದರೆ ಅದು ಹಿಂದಿನ ರಸ್ತೆ ತೋರಿಸುವ ಬದಲು ಸೊಸೈಟಿಯ ಗೇಟು ತೋರಿಸುತ್ತಿತ್ತು. ಹೊದಿಕೆಯ ಗಂಟು ನನ್ನ ಗಂಟಿನಂತೆಯೇ ಇತ್ತು, ಆದರೆ ನನ್ನದಕ್ಕಿಂತ ಚೆನ್ನಾಗಿತ್ತು. ಮತ್ತು ಒಳಗೆ ಒಂದು ವಾಸನೆ. ಪೆಟ್ರೋಲಲ್ಲ, ರೆಕ್ಸಿನ್ನಲ್ಲ. ಇಂಗು.

ಯಾರೋ ನನ್ನ ಗಾಡಿಯಲ್ಲಿ ಕೂಡುತ್ತಿದ್ದರು. ಇಷ್ಟು ವರ್ಷ ಕಾಯ್ದು ಪಡೆದದ್ದನ್ನು ಯಾರೋ ನಾನಿಲ್ಲದಾಗ ಅನುಭವಿಸುತ್ತಿದ್ದರು. ಹೆಂಡತಿಗೆ ಹೇಳಿದೆ.

"ಇಂಗಿನ ವಾಸನಿನ? ನಿಮ್ಮ ಮೀಸಿಯೊಳಗಿನ ಸಾರಿಂದ ಇರಬೇಕು, ತೊಳಕೋರಿ," ಅಂದಳು.

ನಾನು ಸ್ಟೋರಿನ ವಿದ್ಯೆ ಹೂಡಿದೆ. ಚಕ್ರದ ಸುತ್ತ ಸುಣ್ಣದ ಗೆರೆ ಎಳೆದೆ. ಗಾಡಿ ಅಲುಗಿರಲಿಲ್ಲ. ಬಾಗಿಲಿಗೆ ಕರಿ ದಾರ ಅಂಟಿಸಿದೆ. ದಾರ ಹರಿದಿತ್ತು, ಆದರೆ ಅದೇ ಜಾಗದಲ್ಲಿ ಹೊಸ ದಾರ ಅಂಟಿಸಿತ್ತು. ಕೊನೆಗೆ ಹೆಜ್ಜೆ ಗುರುತು ಹಿಡಿಯಲು ಒಳಗಿನ ನೆಲದ ಮೇಲೆ ಅರ್ಧ ಡಬ್ಬಿ ಪೌಡರು ಹರಡಿದೆ. ಮುಂದಿನ ಗುರುವಾರ ನೋಡಿದರೆ ಪೌಡರಿರಲಿಲ್ಲ. ಕಳ್ಳ ನೆಲ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿ ಹೋಗಿದ್ದ. ಬಾಗಿಲ ಕೀಲಿ ನಕಲು ಮಾಡಿಸಿದ್ದಾನೆಯೇ? ಅಸಲಿಯ ಜೋಡಿಕೀಲಿ ಮನೆಯಲ್ಲಿ ದೇವರ ಗೂಡಿನಲ್ಲಿ ಭದ್ರವಾಗಿತ್ತು. ಆ ಗೂಡಿಗೆ ಹೆಂಡತಿ ಬಿಟ್ಟರೆ ಯಾರೂ ಕೈ ಹಚ್ಚುತ್ತಿರಲಿಲ್ಲವಾದ್ದರಿಂದ ಆ ಕಡೆಯ ಚಿಂತೆ ನನಗಿರಲಿಲ್ಲ.

ಸೊಸೈಟಿಯ ವಾಚಮನ್ ನಮ್ಮ ಕಡೆಯವನೇ, ಯಾದಗಿರಿಯವನು. ಅವನನ್ನು ಮೂಲೆಗೆ ಕರೆದೆ.

"ನನ್ನ ಗಾಡ್ಯಾಗ ಯಾರು ಕೂಡತಾರ? ಖರೇ ಹೇಳು."

"ನಾ ಏನೂ ನೋಡಿಲ್ರಿ ಸಾಹೇಬ್ರ."

"ಹಗಲೆಲ್ಲಾ ಇಲ್ಲೇ ಇರತಿ, ನೋಡಿಲ್ಲ ಅಂದ್ರ ಹೆಂಗ?"

"ನೋಡಬ್ಯಾಡ ಅಂತ ಹೇಳ್ಯಾರ್ರಿ."

"ಯಾರು ಹೇಳ್ಯಾರ?"

ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಅದನ್ನ ಹೇಳಬ್ಯಾಡ ಅಂತ ಭಾಳ ಬಿಗಿಯಾಗಿ ಹೇಳ್ಯಾರ್ರಿ ಸಾಹೇಬ್ರ. ಇಲ್ಲಾಂದ್ರ ಇಷ್ಟೊತ್ತಿಗೆ ಹೇಳೇ ಬಿಡ್ತಿದ್ದೆ, ನಿಮ್ಮಾಣಿ."

೭. ಅಧ್ಯಕ್ಷತೆ, ಗಾಡಿಯೊಳಗಿನಿಂದ

ವಾಚಮನ್ನನಿಗೆ ಬಾಯಿ ಮುಚ್ಚು ಎನ್ನುವ ಅಧಿಕಾರ ಸೊಸೈಟಿಯಲ್ಲಿ ಒಬ್ಬರಿಗೇ ಇತ್ತು: ಸೆಕ್ರೆಟರಿಗೆ. ಅವರು ನಿವೃತ್ತ ಹೆಡ್‌ಮಾಸ್ತರರು, ಅಸಲಿ ಪುಣೇಕರ. ಬಾಯಿಂದ ಬೈಯುವವರಲ್ಲ, ಬೋರ್ಡು ಬರೆದು ಬೈಯುವವರು. ನನ್ನ ಗಾಡಿಯ ಮುಂದಿನ ಗೋಡೆಗೆ ಅವರು ಮರಾಠಿಯಲ್ಲಿ ಒಂದು ಬೋರ್ಡು ಹಾಕಿದ್ದರು: "ಇಲ್ಲಿ ನಿಂತಿರುವುದು ವಾಹನವೋ ಅಥವಾ ಸಾಮಾನೋ ಎಂಬುದನ್ನು ಮಾಲೀಕರು ಒಮ್ಮೆ ನಿರ್ಧರಿಸಿ ತಿಳಿಸಬೇಕು." ನಿಂತ ಗಾಡಿಗಳನ್ನು ತೆಗೆಸಬೇಕೆಂಬ ಠರಾವನ್ನೂ ಪ್ರತಿ ವರ್ಷ ಮಾರ್ಚಿನ ಸಭೆಗೆ ಅವರೇ ತರುತ್ತಿದ್ದರು. ವಿಚಿತ್ರವೆಂದರೆ ಬೇಸಿಗೆ ಮುಗಿಯುವಷ್ಟರಲ್ಲಿ ಆ ಠರಾವು ತಾನಾಗಿಯೇ ತಣ್ಣಗಾಗುತ್ತಿತ್ತು. ಅದೂ ನನಗೆ ಸಂಶಯವೇ.

ಕಳ್ಳನ ಅಳತೆ ಸೀಟಿನಲ್ಲಿತ್ತು. ಸೆಕ್ರೆಟರಿಯನ್ನು ಅದರಲ್ಲಿ ಕೂಡಿಸಿ ನೋಡಬೇಕೆಂದು, ಸಭೆಯ ದಿನ ಸಂಜೆ, "ಒಮ್ಮೆ ಕೂತು ನೋಡಿ ಸರ್, ವಾಹನವೋ ಸಾಮಾನೋ ನೀವೇ ಹೇಳಿ" ಎಂದೆ. ಅವರು ದಪ್ಪ ಮೈಯವರು. ಸೀಟು ನೆಲದಿಂದ ಒಂದು ಗೇಣು ಎತ್ತರದಲ್ಲಿತ್ತು. ಒಂದು ಕಾಲು ಹೋಯಿತು, ತಲೆ ಹೋಯಿತು, ಧಡ್ ಎಂದು ಉಳಿದದ್ದೆಲ್ಲ ಹೋಯಿತು. ಹೊಟ್ಟೆ ಸ್ಟಿಯರಿಂಗಿನ ಕೆಳಗೆ ಸಿಕ್ಕಿತು. ಈ ಮನುಷ್ಯ ಮೊದಲು ಇಲ್ಲಿ ಕೂತವನಲ್ಲ ಎಂದು ನನಗೆ ತಕ್ಷಣ ಖಾತ್ರಿಯಾಯಿತು. ಆದರೆ ಹೊರಗೆ ತೆಗೆಯುವುದು ಹೇಗೆಂದು ತಿಳಿಯಲಿಲ್ಲ.

ಇಬ್ಬರು ಕೈ ಹಿಡಿದು ಎಳೆದರು. ವಾಚಮನ್ ಕಾಲು ಹಿಡಿದ. ಅಷ್ಟರಲ್ಲಿ ಸಭೆಗೆ ಸದಸ್ಯರೆಲ್ಲ ಇಳಿದು ಬಂದು ಸುತ್ತ ನಿಂತರು.

"ಯಾರೂ ಎಳೆಯಬೇಕಿಲ್ಲ," ಎಂದು ಸೆಕ್ರೆಟರಿ ಗಂಭೀರವಾಗಿ ಹೇಳಿದರು. "ನಾನು ಸ್ವಂತ ಇಚ್ಛೆಯಿಂದ ಕೂತಿದ್ದೇನೆ. ಸಭೆ ಇಲ್ಲೇ ಆಗಲಿ."

ಸಭೆ ಅಲ್ಲೇ ಆಯಿತು. ನೀರಿನ ಟಾಕಿ, ಮೆಟ್ಟಿಲ ದೀಪ ಮುಗಿದು ಮೂರನೇ ವಿಷಯ ಬಂತು: ಕೆಟ್ಟು ನಿಂತ ವಾಹನವನ್ನು ತಕ್ಷಣ ತೆಗೆಸುವುದು. ಎಲ್ಲರೂ ಸೆಕ್ರೆಟರಿಯ ಮುಖ ನೋಡಿದರು.

ಅವರು ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು ನಿರ್ಣಯ ಕೊಟ್ಟರು: "ಕ್ರಮ ತಪ್ಪಬಾರದು. ಮೊದಲು ನನ್ನನ್ನು ತೆಗೆಯಿರಿ. ಆಮೇಲೆ ಗಾಡಿ."

೮. ಸವತಿ

ಹನ್ನೊಂದು ವರ್ಷ ಹೀಗೇ ಹೋದವು. ಕಳ್ಳ ಸಿಗಲಿಲ್ಲ. ಚಳಿಗಾಲದಲ್ಲಿ ಮಜ್ಜಿಗೆಯ ಹುಳಿ ವಾಸನೆ, ಬೇಸಿಗೆಯಲ್ಲಿ ಇಂಗು, ಜೀರಿಗೆ. ನಾನು ಯಾರನ್ನೂ ಬಿಡದೆ ಎಲ್ಲರನ್ನೂ ಅನುಮಾನಿಸಿದೆ. ಕೊನೆಗೆ ನನ್ನ ಮೂಗನ್ನೇ ಅನುಮಾನಿಸಿ ಡಾಕ್ಟರಿಗೂ ತೋರಿಸಿ ಬಂದೆ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಮಾರ್ಚಿನ ಒಂದು ಗುರುವಾರ ಗಾಡಿಯಲ್ಲಿ ಕೂತವನಿಗೆ ಏಳಲಾಗಲಿಲ್ಲ. ಮೊಣಕಾಲು ಮಾತು ಕೇಳಲಿಲ್ಲ. ಸೆಕ್ರೆಟರಿಯನ್ನು ಎಳೆದ ಅದೇ ವಾಚಮನ್ ನನ್ನನ್ನೂ ಎಳೆದು ತೆಗೆದ. ಆ ದಿನ ನಿರ್ಧಾರ ಮಾಡಿದೆ. ನನ್ನ ಕೈಯಲ್ಲಿ ಅದು ತುಕ್ಕು ಹಿಡಿಯುವುದು ಬೇಡ, ಓಡಿಸುವವರ ಕೈಗೆ ಹೋಗಲಿ. ಪುಣೆಯಲ್ಲಿ ಹಳೆಯ ಗಾಡಿಗಳನ್ನು ಕೂಡಿಸಿಡುವ ಶ್ರೀಮಂತರೊಬ್ಬರಿಗೆ ಹೇಳಿ ಕಳಿಸಿದೆ. ಹೇಳಿ ಕಳಿಸಿ ಬಚ್ಚಲಿಗೆ ಹೋಗಿ ನಳ ಬಿಟ್ಟುಕೊಂಡು ಅತ್ತೆ. ಕ್ಯಾಂಪಿನ ಡಾಕ್ಟರು ಅಂದು ಯಾಕೆ ಅತ್ತರೆಂದು ಆಗ ತಿಳಿಯಿತು.

ಹೆಂಡತಿಗೆ ಹೇಳಿದೆ: "ಗುರುವಾರ ಬಂದು ನೋಡತಾರ. ನಿನ್ನ ಸವತಿ ಹೋಗತಾಳ, ಸಮಾಧಾನ ಆತಿಲ್ಲೋ?"

ಅಕ್ಕಿ ಆರಿಸುತ್ತಿದ್ದವಳು ಅದೇ ಅಕ್ಕಿಯನ್ನು ಮತ್ತೊಮ್ಮೆ ಆರಿಸಿದಳು. ಖುಷಿ ಪಡಬೇಕಾದವಳು ಸುಮ್ಮನಾದದ್ದು ನೋಡಿ ನನಗೆ ಸಂಶಯ ಬಂತು. ಆದರೆ ದುಃಖದಲ್ಲಿದ್ದೆ, ತನಿಖೆ ಮಾಡಲಿಲ್ಲ.

ಆ ಶ್ರೀಮಂತರು ಗುರುವಾರದವರೆಗೆ ತಡೆಯಲಿಲ್ಲ. ಮಂಗಳವಾರ ಮಧ್ಯಾಹ್ನ ಕಾರ್ಖಾನೆಗೆ ಫೋನು ಮಾಡಿ, "ಇಲ್ಲೇ ಹತ್ತಿರ, ಆಕುರ್ಡಿಯಲ್ಲಿದ್ದೇನೆ, ಈಗಲೇ ತೋರಿಸುತ್ತೀರಾ?" ಅಂದರು. ಅರ್ಧ ರಜೆ ಹಾಕಿ ಅವರ ಕಾರಿನಲ್ಲೇ ಸೊಸೈಟಿಗೆ ಬಂದೆ. ನಮ್ಮನ್ನು ಕಂಡ ವಾಚಮನ್ ಸ್ಟೂಲಿನಿಂದ ಎದ್ದು, "ಇವತ್ತ ಗುರುವಾರ ಅಲ್ಲಲ್ರಿ ಸಾಹೇಬ್ರ!" ಎಂದು ಮೇಲೆ ನಮ್ಮ ಬಾಲ್ಕನಿಗೆ ಕೇಳುವಂತೆ ಕೂಗಿದ.

ಶ್ರೀಮಂತರು ಬಿಳಿ ಕೈಗವಸು ಹಾಕಿಕೊಂಡರು. ನಾನು ಗಂಟು ಬಿಚ್ಚಿ, ಎದೆ ಗಟ್ಟಿ ಮಾಡಿಕೊಂಡು ಹೊದಿಕೆ ಎಳೆದೆ.

ಗಾಡಿಯ ಒಳಗೆ, ಡ್ಯಾಶ್‌ಬೋರ್ಡಿನ ಮೇಲೆ ನನ್ನ ಹಳೆಯ ಧೋತರ ಹಾಸಿತ್ತು. ಅದರ ಮೇಲೆ ಸಾಲು ಸಾಲಾಗಿ ಅಕ್ಕಿ ಸಂಡಿಗೆ. ಪಕ್ಕದ ಸೀಟಿನ ಮೇಲೆ ತಾಟಿನ ತುಂಬ ಹಪ್ಪಳ. ಕನ್ನಡಿಗೆ ಮಜ್ಜಿಗೆ ಮೆಣಸಿನಕಾಯಿಯ ಮಾಲೆ. ನನ್ನ ಕನಸಿನ ಸ್ಟಿಯರಿಂಗಿನ ಮೇಲಿನಿಂದ ಸಣ್ಣ ಶಾವಿಗೆ ಎಳೆ ಎಳೆಯಾಗಿ ಇಳಿಬಿದ್ದಿತ್ತು. ಎಂಟು ವರ್ಷದವನಿದ್ದಾಗ ಕೈಯಿಟ್ಟ ಜಾಗ ಅದು. ಶ್ರೀಮಂತರು ಡಿಕ್ಕಿ ತೆರೆದರು. ಒದ್ದೆ ಬಟ್ಟೆಯ ಗಂಟಿನಲ್ಲಿ ಮಡಕಿ ಕಾಳು ಮೊಳಕೆ ಒಡೆದು ಹೊರಗೆ ಇಣುಕುತ್ತಿತ್ತು.

ಅವರು ಶಾವಿಗೆಯ ಕಡೆ ಬೆರಳು ಚಾಚಿದ್ದೇ ತಡ, ಮೆಟ್ಟಿಲಿನಿಂದ ಹೆಂಡತಿ ಓಡಿ ಬಂದಳು.

"ಮುಟ್ಟಬ್ಯಾಡ್ರೀ! ಇನ್ನೂ ಹಸಿ ಅದಾವ!"

"ನೀನಾ?" ಅಂದೆ.

"ಮತ್ಯಾರು? ಮಾಳಿಗಿ ಮ್ಯಾಲೆ ಪಾರಿವಾಳ, ಬಾಲ್ಕನ್ಯಾಗ ಧೂಳು. ಇದರೊಳಗ ಪಾರಿವಾಳಿಲ್ಲ, ಧೂಳಿಲ್ಲ, ಬಿಸಲಿಗೆ ಒಲಿ ಹಂಗ ಕಾಯತದ, ಎರಡ ದಿನಕ್ಕ ಕಡಕ್ ಒಣಗತಾವು. ಹನ್ನೊಂದ ವರ್ಷ ಬಾಯಿ ಚಪ್ಪರಿಸಿ ತಿಂದೀರಿ. ಬೆಂಗಳೂರಿಗೆ ನಿಮ್ಮ ತಂಗೀಗೆ ಕಳಿಸಿದ್ದು ಇಲ್ಲಿಂದ. ಸೆಕ್ರೆಟರಿಯವರ ಮನೀಗೆ ವರ್ಷಾ ಒಂದ ಡಬ್ಬಿ ಹೋಗೂದೂ ಇಲ್ಲಿಂದ. ಇಲ್ಲಾಂದ್ರ ನಿಮ್ಮ ಗಾಡಿ ಎಂದೋ ಗುಜರಿಗೆ ಹೋಗತಿತ್ತು."

ಠರಾವು ತಣ್ಣಗಾಗುತ್ತಿದ್ದ ಗುಟ್ಟು ತಿಳಿಯಿತು. "ಮತ್ತ ಸೀಟು ಮುಂದ? ಕನ್ನಡಿ?"

ಅವಳ ದನಿ ಸ್ವಲ್ಪ ಇಳಿಯಿತು. "ಕಾಯ್ಲಿಕ್ಕೆ ಅಂತ ಮಧ್ಯಾಹ್ನ ಒಂದ ತಾಸು ಒಳಗ ಕೂಡತಿದ್ದೆ. ನೀವು ಲಗೂ ಬಂದ್ರ ಗೇಟು ಕಾಣಲಿ ಅಂತ ಕನ್ನಡಿ ತಿರವಿದ್ದೆ. ಆಮ್ಯಾಲೆ ಕಾಯೋದು ಒಂದ ನೆಪ ಆತು. ಮನ್ಯಾಗ ಕೂತ್ರ ಕುಕ್ಕರ್ ಕರೀತದ, ಬಾಗಲಾ ಕರೀತದ. ಇದರಾಗ ಕೂತ್ರ ಯಾರೂ ಕರಿಯೂದಿಲ್ಲ. ಸ್ಟೇರಿಂಗ್ ಹಿಡದು ಸುಮ್ನ ಕೂಡತಿದ್ದೆ. ಒಮ್ಮೊಮ್ಮೆ ಹಾರ್ನ್ ಒತ್ತೂ ಆಸೆ ಆಗತಿತ್ತು, ಒತ್ತಲಿಲ್ಲ."

ನನ್ನ ಕಣ್ಣು ತುಂಬಿದವು. ಹನ್ನೊಂದು ವರ್ಷ ನಾನು ಹುಡುಕಿದ ಕಳ್ಳನಿಗೂ ನನಗೂ ಇದ್ದದ್ದು ಒಂದೇ ರೋಗ.

ಶ್ರೀಮಂತರು ಕೈಗವಸು ಬಿಚ್ಚುತ್ತ, "ಪರವಾಗಿಲ್ಲ, ವಾಸನೆ ಹೋಗುತ್ತದೆ, ನಾನು ತೆಗೆದುಕೊಳ್ಳುತ್ತೇನೆ" ಎಂದು ಹಿಂದಿಯಲ್ಲಿ ಹೇಳಿದರು. ಹೆಂಡತಿ ಅವರ ಕೈಗೆ ಒಣಗಿದ ಸಂಡಿಗೆಯ ಒಂದು ಪೊಟ್ಟಣ ಇಟ್ಟು, "ಇದನ್ನ ಒಯ್ಯಿರಿ, ಗಾಡಿ ಕೊಡೂದಿಲ್ಲ" ಎಂದು ಕಳಿಸಿಬಿಟ್ಟಳು.

ಅವರ ಕಾರು ಗೇಟು ದಾಟಿದ ಮೇಲೆ ನನಗೆ ಧೈರ್ಯ ಬಂತು.

"ಅಲ್ಲಾ, ಹನ್ನೊಂದ ವರ್ಷದಿಂದ ಇದನ್ನ ಸವತಿ ಸವತಿ ಅಂತ ಬೈದಾಕಿ ನೀನ ಅಲ್ಲೇನು?"

ಅವಳು ಸ್ಟಿಯರಿಂಗಿನ ಮೇಲಿನ ಶಾವಿಗೆಯನ್ನು ಮೆಲ್ಲಗೆ ತಿರುವಿ ಹಾಕುತ್ತ ಅಂದಳು:

"ಸವತೀನ ಹೌದ್ರಿ. ಈಗೇನು ಇಲ್ಲಂದೆನ? ಆದ್ರ ಮನಿಕೆಲಸಾ ಮಾಡೋ ಸವತೀನ ಯಾರರ ಹೊರಗ ಹಾಕತಾರ? ಹಾಕೂದಾದ್ರ ಮದಲ ಕೂತು ತಿನ್ನಾವರನ್ನ ಹಾಕಬೇಕಾಗತದ."